ನಿಸ್ಗಾ ಜನರಿಗೆ ಕಣಿವೆ ಸಿಕ್ಕಿತು, ನಮ್ಮ ಕೊರಗರಿಗೆ, ಮಲೆಕುಡಿಯರಿಗೆ ಏನು ಸಿಕ್ಕಿತು?

ಪಡುಕರೆ

ಕೆನಡಾದ ಪಶ್ಚಿಮ ಕರಾವಳಿಯಲ್ಲಿ ನಾಸ್ ಅಂತ ಒಂದು ಹೊಳೆ ಉಂಟು. ಆ ಕಣಿವೆಯ ಮೂಲ ಜನ ನಿಸ್ಗಾ. ಮೀನು ಹಿಡಿದು ಬದುಕಿದವರು. ಮಲ್ಪೆ ಕಡೆಯವನಾದ ನನಗೆ ಅವರ ಕಥೆ ಹಿಡಿಸಿದ್ದೇ ಅದಕ್ಕೆ.

1887ರಲ್ಲಿ ಅವರ ಮುಖಂಡರು ದೋಣಿ ಹತ್ತಿ ವಿಕ್ಟೋರಿಯಾ ಪಟ್ಟಣಕ್ಕೆ ಹೋದರು. ಜಾಗ ನಮ್ಮದು, ನಮ್ಮೊಡನೆ ಒಪ್ಪಂದ ಮಾಡದೆ ನೀವು ಅಳೆದು ಹಂಚುವುದು ಹೇಗೆ ಎಂದು ಕೇಳಲಿಕ್ಕೆ. ಸರಕಾರ ಬರಿಗೈಯಲ್ಲಿ ವಾಪಸ್ ಕಳಿಸಿತು. 1913ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೇ ಅರ್ಜಿ ಹಾಕಿದರು. ಇಂಥ ಅರ್ಜಿಗಳು ಜಾಸ್ತಿಯಾದಾಗ ಕೆನಡಾ ಸರಕಾರ ಏನು ಮಾಡಿತು ಗೊತ್ತಾ? 1927ರಲ್ಲಿ ಕಾನೂನು ತಿದ್ದಿ, ಜಾಗದ ದಾವೆಗೆಂದು ಮೂಲ ಜನರ ಹತ್ತಿರ ಹಣ ಎತ್ತುವುದೇ ಅಪರಾಧ ಎಂದಿತು. ಹಣ ಇಲ್ಲದೆ ವಕೀಲ ಎಲ್ಲಿಂದ? 1951ರ ತನಕ ಹಾಗೇ ನಡೆಯಿತು.

1973ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಕಾಲ್ಡರ್ ತೀರ್ಪು ಬಂತು. ಲೆಕ್ಕಕ್ಕೆ ನಿಸ್ಗಾ ಸೋತರು. ಆದರೆ ಬಿಳಿಯರು ಬರುವ ಮೊದಲೇ ಇವರಿಗೆ ಭೂಮಿಯ ಹಕ್ಕು ಇತ್ತು ಎಂಬ ಮಾತನ್ನು ನ್ಯಾಯಾಧೀಶರು ಒಪ್ಪಿದರು. ಸರಕಾರ ಮಾತುಕತೆಗೆ ಕೂರಲೇಬೇಕಾಯಿತು. ಕೊನೆಗೆ 2000ದ ಮೇ 11ಕ್ಕೆ ಒಪ್ಪಂದ ಜಾರಿಗೆ ಬಂತು. ಸುಮಾರು 2000 ಚದರ ಕಿಲೋಮೀಟರ್ ಜಾಗ, ತಮ್ಮದೇ ಶಾಸನಸಭೆ, ಕಾಡು ಮತ್ತು ಮೀನಿನ ಮೇಲೆ ಅಧಿಕಾರ. ದೋಣಿ ಹತ್ತಿದವರ ಮೊಮ್ಮಕ್ಕಳ ಕಾಲಕ್ಕೆ ಬಂದು ಮುಟ್ಟಿತು.

ನನ್ನ ಪ್ರಶ್ನೆ ಇಷ್ಟೇ. ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಕೊರಗರು, ಮಲೆಕುಡಿಯರು ಎಂಬ ಆದಿವಾಸಿಗಳು ಇದ್ದಾರೆ. ಅವರ ಮಟ್ಟಿಗೆ ಸ್ವಯಮಾಡಳಿತ ಎಂದರೆ ಎಂತದು? ಅಂಥದ್ದು ಇಲ್ಲಿ ಆಗುವ ಸಂಗತಿಯಾ, ಅಥವಾ ಬರೀ ಭಾಷಣಕ್ಕೆ ಚಂದವಾ?

ಬಾವುಟಗುಡ್ಡೆ

ಕೆನಡಾಕ್ಕೆ ಯಾಕೆ ಹೋಗಬೇಕು ಮಾರಾಯ್ರೆ? ನಮ್ಮಲ್ಲೇ 1837ರ ಕಥೆ ಉಂಟಲ್ಲ. ಸುಳ್ಯ, ಪುತ್ತೂರು ಸೀಮೆ ಮೊದಲು ಕೊಡಗಿನ ಅರಸರ ಕೈಯಲ್ಲಿತ್ತು. 1834ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯವರು ಅದನ್ನು ಕಿತ್ತು ದಕ್ಷಿಣ ಕನ್ನಡಕ್ಕೆ ಸೇರಿಸಿದರು. ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕಟ್ಟಿ ಎಂದರು. ಕೈಯಲ್ಲಿ ನಾಣ್ಯವೇ ಇಲ್ಲದ ರೈತ ಎಲ್ಲಿಂದ ಕಟ್ಟುತ್ತಾನೆ? ಸುಳ್ಯದಿಂದ ಹೊರಟ ದಂಡು ಏಪ್ರಿಲ್ 5ಕ್ಕೆ ಮಂಗಳೂರಿಗೆ ಬಂತು, ಬಾವುಟಗುಡ್ಡೆಯಲ್ಲಿ ತನ್ನ ಬಾವುಟ ಹಾರಿಸಿತು. ಸುಮಾರು ಎರಡು ವಾರ ಈ ಊರಿನಲ್ಲಿ ಕಂಪೆನಿ ಆಳ್ವಿಕೆ ಇರಲಿಲ್ಲ. ಆಮೇಲೆ ಬಿಕರ್ನಕಟ್ಟೆಯಲ್ಲಿ ಗಲ್ಲು.

ಇದಕ್ಕಿಂತ ದೊಡ್ಡ ಸ್ವಯಮಾಡಳಿತದ ಹೋರಾಟ ಬೇಕಾ? ತುಳುನಾಡಿನ ಮಣ್ಣಿನಲ್ಲಿ ಹುಟ್ಟಿದವರೆಲ್ಲ ಮೂಲದವರೇ. ಇವರು ಮೂಲ, ಅವರು ಹೊರಗಿನವರು ಎಂದು ಭಾಗ ಮಾಡುವುದೇ ಬ್ರಿಟಿಷರು ಕಲಿಸಿದ ಬುದ್ಧಿ.

ಡೋಲು

ಬಾವುಟಗುಡ್ಡೆ ಅಣ್ಣ, 1837ರ ಬಗ್ಗೆ ನನಗೂ ಗೌರವ ಉಂಟು. ಆದರೆ ಆ ದಂಡು ಎದ್ದದ್ದು ಕಂದಾಯದ ವಿಷಯಕ್ಕೆ. ಕಂದಾಯ ಕಟ್ಟಬೇಕಾದರೆ ಮೊದಲು ಭೂಮಿ ಇರಬೇಕು. ನಮ್ಮವರಿಗೆ ಇರಲಿಲ್ಲ. ಗೆದ್ದಿದ್ದರೂ ನಮ್ಮ ಕೊಪ್ಪಕ್ಕೆ, ಅಂದರೆ ನಮ್ಮ ಗುಡಿಸಲಿಗೆ, ಏನೂ ಬದಲಾಗುತ್ತಿರಲಿಲ್ಲ. ಇದನ್ನು ಜಗಳಕ್ಕಾಗಿ ಹೇಳುತ್ತಿಲ್ಲ. ಲೆಕ್ಕ ಹಾಗೇ ಇದೆ.

ನಾನು ಕೊರಗ ಸಮುದಾಯದವಳು, ಉಡುಪಿ ಜಿಲ್ಲೆ. ನಮ್ಮಲ್ಲಿ ಹುಬಾಶಿಕ ಅಂತ ಒಬ್ಬ ಅರಸನ ಕಥೆ ಹೇಳುತ್ತಾರೆ. ಅವನು ಈ ಸೀಮೆ ಆಳಿದ, ಮೋಸದಿಂದ ಅವನನ್ನು ಮುಗಿಸಿದರು, ಉಳಿದವರು ಕಾಡು ಸೇರಿದರು, ಹಿಡಿದು ತಂದು ಊಳಿಗಕ್ಕೆ ಹಾಕಿದರು ಅಂತ. 19ನೇ ಶತಮಾನದ ಇಂಗ್ಲಿಷ್ ಅಧಿಕಾರಿಗಳೂ ಈ ಕಥೆ ಬರೆದುಕೊಂಡಿದ್ದಾರೆ. ಇದು ಎಷ್ಟು ಚರಿತ್ರೆ, ಎಷ್ಟು ಕಥೆ ಎಂದು ಪ್ರೊಫೆಸರರು ನೋಡಿಕೊಳ್ಳಲಿ. ನಮ್ಮ ಅಜ್ಜಂದಿರ ಪ್ರಕಾರ ಜಾಗ ಕಳೆದುಕೊಂಡದ್ದು ಹಡಗಿನಲ್ಲಿ ಬಂದವರಿಂದಲ್ಲ. ಅದಕ್ಕೂ ಮೊದಲೇ.

1947ಕ್ಕೆ ಅದು ಮುಗಿಯಲೂ ಇಲ್ಲ. ನಮ್ಮನ್ನು ಕೀಳಾಗಿ ಕಂಡು ದುಡಿಸಿಕೊಳ್ಳುವ ಅಜಲು ಪದ್ಧತಿಯ ನಿಷೇಧದ ಕಾನೂನು ಬಂದದ್ದು 2000ದಲ್ಲಿ. ಆ ಕಾನೂನು ಏನೇನನ್ನು ನಿಷೇಧಿಸುತ್ತದೆ ಎಂದು ಒಮ್ಮೆ ಓದಿ. ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸುವುದು. ಕಂಬಳಕ್ಕೆ ಮೊದಲು ಕೋಣಗಳ ಹಾಗೆ ಓಡಿಸುವುದು. ಯಾರೂ ಮಾಡದ ಕೆಲಸವನ್ನು ಕಾನೂನು ಮಾಡಿ ನಿಲ್ಲಿಸುವುದಿಲ್ಲ, ಅಲ್ವಾ? ಕಂಬಳದ ಹಿಂದಿನ ರಾತ್ರಿ ಮಂಜಿನಲ್ಲಿ ಡೋಲು ಬಡಿಯುತ್ತಾ ಕೂರಿಸುವುದಕ್ಕೂ "ಸಂಪ್ರದಾಯ" ಅಂತ ಹೆಸರು ಇತ್ತು.

ಇನ್ನೊಂದು. ನಮ್ಮ ಕುಲದಲ್ಲಿ ಹುಟ್ಟಿ ದೈವವಾದ ಕೊರಗಜ್ಜನ ಕಟ್ಟೆ ಇಲ್ಲದ ಬಡಾವಣೆ ಈಗ ಮಂಗಳೂರಿನಲ್ಲಿ ಹುಡುಕಬೇಕು. ಕಳೆದುಹೋದ ಚಿನ್ನ ಸಿಗಲಿ ಅಂತ ಚಕ್ಕುಲಿ, ವೀಳ್ಯದೆಲೆ ಹೇಳಿಕೊಳ್ಳುತ್ತೀರಿ. ಅಜ್ಜನ ಕುಲದವರು ಬಾಡಿಗೆ ಮನೆ ಕೇಳಿಕೊಂಡು ಬಂದಾಗ ಮಾತು ಬೇರೆ.

ಅಡಕೆ ತೋಟ

ಕೊರಗಜ್ಜ ಎಲ್ಲರಿಗೂ ಅಜ್ಜ. ಅದನ್ನು ಇಲ್ಲಿ ತರಬೇಡಿ.

ಡೋಲು

ಎಲ್ಲರಿಗೂ ಅಜ್ಜನಾದರೆ ನಾವೆಲ್ಲ ನೆಂಟರು. ಮುಂದಿನ ಮದುವೆಗೆ ಕರೆಯಿರಿ, ಬರುತ್ತೇವೆ.

ನಿವೃತ್ತ ಮೇಷ್ಟ್ರು

ಡೋಲು ಅವರ ಮಾತಿಗೆ ಸ್ವಲ್ಪ ಹಿನ್ನೆಲೆ ಸೇರಿಸುತ್ತೇನೆ. ಉದ್ದವಾದೀತು, ಸಹಿಸಿಕೊಳ್ಳಿ.

ಟಿಪ್ಪು ಬಿದ್ದ ಮೇಲೆ 1799ರಲ್ಲಿ ಕೆನರಾ, ಅಂದರೆ ನಮ್ಮ ಕರಾವಳಿ, ಕಂಪೆನಿಯ ಕೈಗೆ ಬಂತು. ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಇಲ್ಲಿನ ವರ್ಗದಾರರ, ಅಂದರೆ ಪಟ್ಟಾ ಜಮೀನಿನ ಒಡೆಯರ, ಭೂಮಿ ಹಕ್ಕು ಗಟ್ಟಿ ಇದೆ ಎಂದು ಅವನೇ ಬರೆದ, ಕಂದಾಯವನ್ನು ಅದರ ಮೇಲೆ ನಿಲ್ಲಿಸಿದ. ಅಂದರೆ ಯಾರ ಹೆಸರು ಕಡತದಲ್ಲಿ ಇತ್ತೋ ಅವರ ಹಕ್ಕು ಇನ್ನೂ ಗಟ್ಟಿಯಾಯಿತು. ಹೆಸರಿಲ್ಲದವರು ಹೊರಗೆ ಉಳಿದರು. 1843ರಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ಇಲ್ಲ ಎಂಬ ಕಾಯ್ದೆ ಬಂತು. ಸರಿ. ಆದರೆ ಬಿಡುಗಡೆಯಾದವನಿಗೆ ನಿಲ್ಲಲು ಜಾಗ ಕೊಡಲಿಲ್ಲ. ಮತ್ತೆ ಅದೇ ಧಣಿಯ ಮನೆ ಬಾಗಿಲು.

ಘಟ್ಟದ ಬುಡದ ಕಥೆ ಬೇರೆ. ಅಲ್ಲಿ ಕುಮೇರಿ ಬೇಸಾಯ. ಗುಡ್ಡದ ಒಂದು ತುಂಡು ಕಾಡು ಕಡಿದು, ಸುಟ್ಟು, ಆ ಬೂದಿಯಲ್ಲಿ ರಾಗಿ, ಭತ್ತ ಬಿತ್ತುವುದು. ಒಂದೆರಡು ಬೆಳೆ ತೆಗೆದು ಅದನ್ನು ವರ್ಷಗಟ್ಟಲೆ ಹಾಗೇ ಬಿಡುವುದು, ಕಾಡು ಮತ್ತೆ ಏಳುತ್ತದೆ. 1856ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಕ್ಲೆಗ್‌ಹಾರ್ನ್ ಎಂಬ ಡಾಕ್ಟರು ಅರಣ್ಯದ ಮುಖ್ಯಸ್ಥರಾಗಿ ಬಂದರು. ಹಡಗಿಗೆ ತೇಗ ಬೇಕು, ರೈಲು ಹಳಿಗೆ ಮರ ಬೇಕು. ಅವರ ಕಣ್ಣಿಗೆ ಕುಮೇರಿ ಬರೀ ಹಾಳು ಮಾಡುವ ಕೆಲಸ. 1860ರಲ್ಲಿ ಮದ್ರಾಸ್ ಸರಕಾರ ಅನುಮತಿ ಇಲ್ಲದೆ ಕುಮೇರಿ ಮಾಡಬಾರದು ಎಂದಿತು. 1882ರಲ್ಲಿ ಮದ್ರಾಸ್ ಅರಣ್ಯ ಕಾಯ್ದೆ. ಅಲ್ಲಿಗೆ ಕಾಡೆಲ್ಲ ಸರಕಾರದ್ದಾಯಿತು, ಅದರೊಳಗೆ ಬದುಕುತ್ತಿದ್ದವನು ಅತಿಕ್ರಮಣ ಮಾಡಿದವನಾದ.

ಈಗ ತಮಾಷೆ ನೋಡಿ. ಅದೇ ಬ್ರಿಟಿಷರು ವರ್ಗ ಜಾಗದ ಪಕ್ಕದ 100 ಗಜದ ಸರಕಾರಿ ಗುಡ್ಡದಲ್ಲಿ ಸೊಪ್ಪು, ತರಗೆಲೆ, ಸೌದೆ ತೆಗೆಯಲು ಜಮೀನಿನ ಒಡೆಯನಿಗೆ ಬಿಟ್ಟುಕೊಟ್ಟರು. ಅದೇ ಕುಮ್ಕಿ. ಗದ್ದೆ ಇದ್ದವನಿಗೆ ಕಾಡಿನ ಸೊಪ್ಪು ಸವಲತ್ತು. ಕಾಡನ್ನೇ ಗದ್ದೆ ಮಾಡಿಕೊಂಡವನಿಗೆ ಅದೇ ಕಾಡು ಕೇಸು.

ಆಮೇಲೆ 1974ರ ಭೂಸುಧಾರಣೆ. ಉಳುವವನೇ ಒಡೆಯ. ನಮ್ಮ ಜಿಲ್ಲೆಯಷ್ಟು ಚೆನ್ನಾಗಿ ಅದು ನಡೆದ ಕಡೆ ರಾಜ್ಯದಲ್ಲಿ ಕಡಿಮೆ. ಗೇಣಿಗೆ ಉಳುತ್ತಿದ್ದೇವೆ ಎಂಬ ಡಿಕ್ಲರೇಶನ್ ಕೊಟ್ಟು ಸಾವಿರಾರು ಗೇಣಿದಾರರು ಒಡೆಯರಾದರು, ನಮ್ಮ ಮನೆಯೂ ಅದರಲ್ಲಿ ಒಂದು. ಆದರೆ ಕೊರಗರು ಗೇಣಿದಾರರೇ ಆಗಿರಲಿಲ್ಲ. ಗೇಣಿ ಚೀಟಿ ಇಲ್ಲದವನು ಎಂತ ಡಿಕ್ಲರೇಶನ್ ಕೊಡುವುದು? ದೊಡ್ಡ ಬದಲಾವಣೆ ಅವರ ಪಕ್ಕದಲ್ಲೇ ಹಾದುಹೋಯಿತು.

ಕುಂದಾಪ್ರದ ಹೆಣ್ಣು

ಮೇಷ್ಟ್ರೇ, ಡಿ.ಸಿ. ಮನ್ನಾ ಜಾಗ ಬಿಟ್ಟಿರಿ. ಬ್ರಿಟಿಷರ ಕಾಲದಲ್ಲೇ ದಲಿತರಿಗೆಂದು ತೆಗೆದಿಟ್ಟ ಜಾಗ ಅದು. ಅದರ ಮೇಲೆ ಈಗ ಯಾರ್ಯಾರ ತೋಟ, ಕಟ್ಟಡ ಉಂಟು ಎಂದು ಸರ್ವೆ ಮಾಡಿದರೆ ಚೆನ್ನಾಗಿರುತ್ತದೆ. ಪ್ರತಿ ದಲಿತ ಕುಂದುಕೊರತೆ ಸಭೆಯಲ್ಲೂ ಈ ಪ್ರಶ್ನೆ ಏಳುತ್ತದೆ. ಉತ್ತರ ಪರಿಶೀಲಿಸುತ್ತೇವೆ.

ಅಡಕೆ ತೋಟ

ಇದೇ ಭಯ ನಮಗೆ. ಮೊದಲೇ ಡೀಮ್ಡ್ ಫಾರೆಸ್ಟ್ (ಅರಣ್ಯ ಎಂದೇ ಲೆಕ್ಕ ಹಾಕಿದ ಜಾಗ), ಪಶ್ಚಿಮ ಘಟ್ಟ ಉಳಿಸುವ ಕಸ್ತೂರಿರಂಗನ್ ವರದಿ ಅಂತ ನಿದ್ದೆ ಇಲ್ಲ. ಈಗ ಸ್ವಯಮಾಡಳಿತ ಅಂತ ಬಂದರೆ ನಮ್ಮ ಕುಮ್ಕಿ ಯಾರ ಪಾಲಿಗೆ? ನಾವೂ ಮೂರು ತಲೆಮಾರಿನಿಂದ ಇಲ್ಲೇ ಇದ್ದೇವೆ. ನಿನ್ನೆ ಮೊನ್ನೆ ಬಂದವರಲ್ಲ.

ಕೋರ್ಟ್ ರಸ್ತೆ

ವಕೀಲ ವೃತ್ತಿಯವ. ಸುಮ್ನೆ ಓದಿಕೊಂಡು ಹೋಗೋಣ ಅಂತಿದ್ದೆ, ಆದರೆ ಇಲ್ಲಿ ಎರಡು ಮೂರು ಕಾನೂನು ಒಂದರೊಳಗೆ ಒಂದು ಕಲಸಿಹೋಗಿವೆ.

ಮೊದಲು ಅಡಕೆ ತೋಟ ಅವರಿಗೆ. 2006ರ ಅರಣ್ಯ ಹಕ್ಕು ಕಾಯ್ದೆಯಿಂದ ನಿಮ್ಮ ವರ್ಗ ಜಾಗಕ್ಕೆ ಏನೂ ಆಗುವುದಿಲ್ಲ. ಅದು ಅರಣ್ಯ ಭೂಮಿಯ ಮೇಲಿನ ಹಕ್ಕಿಗೆ ಸಂಬಂಧಪಟ್ಟದ್ದು. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಅಲ್ಲಿ ಇದ್ದರೆ ಸಾಕು. ಬೇರೆಯವರು 75 ವರ್ಷದ ವಾಸ ತೋರಿಸಬೇಕು. ನಿಮ್ಮ ಮೂರು ತಲೆಮಾರು ಅರಣ್ಯದೊಳಗೆ ಕಳೆದಿದ್ದರೆ, ಜೀವನ ಅದರ ಮೇಲೇ ನಿಂತಿದ್ದರೆ ನೀವೂ ಅರ್ಜಿ ಹಾಕಬಹುದು.

ಈಗ ಮುಖ್ಯ ಮಾತು. ಆದಿವಾಸಿಗಳ ಸ್ವಯಮಾಡಳಿತಕ್ಕೆ ಸಂವಿಧಾನದಲ್ಲಿ ಎರಡು ದಾರಿ ಇವೆ. ಆರನೇ ಅನುಸೂಚಿ ಅಸ್ಸಾಂ, ಮೇಘಾಲಯ, ತ್ರಿಪುರಾ, ಮಿಜೋರಾಂಗೆ. ಅಲ್ಲಿ ಸ್ವಾಯತ್ತ ಜಿಲ್ಲಾ ಮಂಡಳಿಗಳಿವೆ. ಐದನೇ ಅನುಸೂಚಿ 10 ರಾಜ್ಯಗಳ ಕೆಲವು ಪ್ರದೇಶಗಳಿಗೆ. 1996ರ ಪೆಸಾ ಕಾಯ್ದೆ ಅಲ್ಲಿನ ಗ್ರಾಮಸಭೆಗೆ ನಿಜವಾದ ಅಧಿಕಾರ ಕೊಡುತ್ತದೆ. ಆ 10 ರಾಜ್ಯಗಳಲ್ಲಿ ಕರ್ನಾಟಕ ಇಲ್ಲ. ಇಲ್ಲಿ ಒಂದು ಹಳ್ಳಿಯೂ ಅನುಸೂಚಿತ ಪ್ರದೇಶ ಅಲ್ಲ. ಹಾಗಾಗಿ ನಮ್ಮ ಆದಿವಾಸಿಗಳ ಕೈಯಲ್ಲಿರುವ ಒಂದೇ ಹತಾರ ಅರಣ್ಯ ಹಕ್ಕು ಕಾಯ್ದೆ.

ಆ ಹತಾರ ಮೊಂಡೇನಲ್ಲ. ಒಡಿಶಾದ ನಿಯಮಗಿರಿ ನೆನಪಿಸಿಕೊಳ್ಳಿ. ವೇದಾಂತ ಕಂಪೆನಿಯ ರಿಫೈನರಿಗಾಗಿ ಅಲ್ಲಿ ಬಾಕ್ಸೈಟ್ ತೆಗೆಯಬೇಕಿತ್ತು. ಡೊಂಗ್ರಿಯಾ ಕೊಂಧರಿಗೆ ಆ ಬೆಟ್ಟವೇ ದೇವರು. 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಈ ವಿಷಯ ಗ್ರಾಮಸಭೆಗಳ ಮುಂದೆ ಹೋಗಲಿ ಎಂದಿತು. 12 ಗ್ರಾಮಸಭೆ ನಡೆಯಿತು, 12ರಲ್ಲೂ ಬೇಡ ಎಂದರು. ಗಣಿ ಯೋಜನೆ ನಿಂತಿತು.

ನಮ್ಮ ರಾಜ್ಯದಲ್ಲೇ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಹುಲಿ ರಕ್ಷಿತಾರಣ್ಯದ ಒಳಗೇ ಸಮುದಾಯದ ಹಕ್ಕು ಸಿಕ್ಕಿದೆ. ಹಾಗಿರುವಾಗ ಘಟ್ಟದ ಈ ಕಡೆ ಯಾಕೆ ಆಗುವುದಿಲ್ಲ?

ಬಾವುಟಗುಡ್ಡೆ

ವಕೀಲರೇ, ಒಂದು ವಿಷಯ. ವಿಶ್ವಸಂಸ್ಥೆಯಲ್ಲಿ 2007ರಲ್ಲಿ ಮೂಲ ಜನರ ಹಕ್ಕುಗಳ ಘೋಷಣೆ ಬಂದಾಗ ಭಾರತ ಏನು ಹೇಳಿತು? ಸ್ವಾತಂತ್ರ್ಯ ಬಂದಾಗ ಇಲ್ಲಿದ್ದ ಎಲ್ಲರೂ ಮೂಲ ಜನರೇ ಎಂದು. ನಾನು ಹೇಳಿದ್ದೂ ಅದನ್ನೇ.

ಕೋರ್ಟ್ ರಸ್ತೆ

ಹೇಳಿದ್ದು ಹೌದು. ಘೋಷಣೆಯ ಪರ ಮತ ಹಾಕಿದ್ದೂ ಹೌದು. ಆ ದಿನ ವಿರುದ್ಧ ಮತ ಹಾಕಿದ ನಾಲ್ಕು ದೇಶಗಳು ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್. ಆಮೇಲೆ ಅವೂ ಒಪ್ಪಿಕೊಂಡವು. ಎಲ್ಲರೂ ಮೂಲದವರೇ ಎಂದುಬಿಟ್ಟರೆ ಯಾರಿಗೂ ಬೇರೆ ಹಕ್ಕು ಕೊಡುವ ತಾಪತ್ರಯ ಇಲ್ಲ. ಸರಕಾರಗಳಿಗೆ ಬಹಳ ಅನುಕೂಲದ ಮಾತು ಅದು.

ಸಂವಿಧಾನ ಸಭೆಯಲ್ಲಿ ಇದೇ ಚರ್ಚೆ ಆಗಿತ್ತು. ಜೈಪಾಲ್ ಸಿಂಗ್ ಮುಂಡಾ ಗೊತ್ತಲ್ಲ, 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನ ಹಾಕಿ ನಾಯಕ. 1946ರ ಡಿಸೆಂಬರ್‌ನಲ್ಲಿ ಎದ್ದು ನಿಂತು, ನಮ್ಮವರಿಗೆ ನೀವು ಪ್ರಜಾಪ್ರಭುತ್ವ ಕಲಿಸುವುದು ಬೇಡ, ನೀವೇ ನಮ್ಮಿಂದ ಕಲಿಯಬೇಕು ಎಂಬರ್ಥದ ಮಾತು ಆಡಿದರು.

ಚಾರ್ಮಾಡಿ ಮಳೆ

ನಾನು ಮಲೆಕುಡಿಯ. ಬೆಳ್ತಂಗಡಿ ತಾಲೂಕು, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೆ ನಮ್ಮ ಮನೆ. ಉದ್ಯಾನ ಅಂದರೆ ಬೆಂಗಳೂರಿನವರಿಗೆ ಹೂವಿನ ಗಿಡ ನೆನಪಾಗಬಹುದು. ಇಲ್ಲಿ 600 ಚದರ ಕಿಲೋಮೀಟರ್ ಕಾಡು, ಅದರೊಳಗೆ ಹಳೇ ಮನೆಗಳು, ಗದ್ದೆಗಳು, ದೈವದ ಸ್ಥಾನಗಳು.

1987ರಲ್ಲಿ ಉದ್ಯಾನ ಅಂತ ಘೋಷಣೆ ಆಯಿತು. ಅದೇ ಕುದುರೆಮುಖದಲ್ಲಿ ಆಗ ಕಬ್ಬಿಣದ ಅದಿರಿನ ಗಣಿ ನಡೆಯುತ್ತಿತ್ತು. 2005ರ ಕೊನೆಯ ತನಕ ನಡೆಯಿತು, ಅದೂ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ನಿಂತದ್ದು. ಗುಡ್ಡ ಅಗೆದು ಅದಿರನ್ನು ಪೈಪಿನಲ್ಲಿ ಮಂಗಳೂರಿನ ಪಣಂಬೂರಿಗೆ ಹರಿಸಿದರೆ ಕಾಡಿಗೆ ತೊಂದರೆ ಇಲ್ಲ. ನಾವು ಜೇನು ತೆಗೆದರೆ, ಬಿದ್ದ ಮರ ಮನೆಗೆ ತಂದರೆ ತೊಂದರೆ. ರಸ್ತೆ ಕೇಳಿದರೆ ಅರಣ್ಯ, ಕರೆಂಟು ಕೇಳಿದರೆ ಅರಣ್ಯ. ಮಳೆಗಾಲದಲ್ಲಿ ಹುಷಾರಿಲ್ಲದವರನ್ನು ಕಂಬಳಿಯಲ್ಲಿ ಕಟ್ಟಿ ಹೊತ್ತು ತರುವ ಫೋಟೋ ನೀವೂ ಪೇಪರಿನಲ್ಲಿ ನೋಡಿರುತ್ತೀರಿ. 2024ರಲ್ಲಿ ನಮ್ಮ ಪಕ್ಕದ ಕುತ್ಲೂರಿಗೆ ಕೇಂದ್ರದಿಂದ ಸಾಹಸ ಪ್ರವಾಸದ ಉತ್ತಮ ಗ್ರಾಮ ಅಂತ ಪ್ರಶಸ್ತಿ ಬಂತು. ಸಂತೋಷ. ನಮ್ಮ ದಿನದ ನಡಿಗೆಯೇ ಪ್ರವಾಸಿಗರಿಗೆ ಸಾಹಸ!

ಕಾಡು ಬಿಟ್ಟು ಹೊರಗೆ ಬಂದರೆ ಪರಿಹಾರ ಕೊಡುತ್ತೇವೆ ಅನ್ನುತ್ತಾರೆ. ಕೆಲವರು ತೆಗೆದುಕೊಂಡು ಹೋಗಿದ್ದಾರೆ, ಅವರನ್ನು ನಾನು ತಪ್ಪು ಅನ್ನುವುದಿಲ್ಲ. ಮಕ್ಕಳ ಶಾಲೆ, ಆಸ್ಪತ್ರೆ ಎಲ್ಲ ನೋಡಬೇಕಲ್ಲ. ಆದರೆ ರಸ್ತೆ, ಕರೆಂಟು ಕೊಡದೆ ಇಟ್ಟು, ಆಮೇಲೆ "ಅವರೇ ಒಪ್ಪಿ ಹೊರಟರು" ಎಂದು ಬರೆದುಕೊಂಡರೆ ಅದು ಎಂಥ ಒಪ್ಪಿಗೆ?

ವಕೀಲರು ಹೇಳಿದ ಗ್ರಾಮಸಭೆ ನಮ್ಮಲ್ಲೂ ನಡೆದಿದೆ. ಪಂಚಾಯತ್ ಹಾಲ್‌ನಲ್ಲಿ. ಅಲ್ಲಿ ಬೀದಿದೀಪ, ನರೇಗಾ ಬಿಲ್ಲು, ಕುಡಿಯುವ ನೀರು ಎಲ್ಲ ಮುಗಿದ ಮೇಲೆ ಕೊನೆಗೆ ನಮ್ಮ ಅರಣ್ಯ ಹಕ್ಕು. ಆ ಹೊತ್ತಿಗೆ ನಮ್ಮವರು ಬಸ್ಸಿಗೆ ಹೊರಟಿರುತ್ತಾರೆ. ಪಂಚಾಯತ್‌ನ ಒಟ್ಟು ಮತದಲ್ಲಿ ನಾವು ಒಂದು ಮೂಲೆ.

ಪಡುಕರೆ

ಇದು ನನಗೆ ಗೊತ್ತಿರಲಿಲ್ಲ. ಅಂದರೆ ಅಧಿಕಾರ ಗ್ರಾಮಸಭೆಗೆ ಕೊಟ್ಟರೂ ಆ ಸಭೆಯಲ್ಲಿ ಇವರು ಕಡಿಮೆ ಜನ ಆದರೆ ಪ್ರಯೋಜನ ಇಲ್ಲ?

ಡೋಲು

ನಮ್ಮ ಕಷ್ಟ ಇನ್ನೂ ಒಂದು ಹೆಜ್ಜೆ ಮುಂದೆ ಉಂಟು. ಮಲೆಕುಡಿಯರಿಗೆ ಕಾಡಿನೊಳಗೆ ಸೇರಿ ಬಾಳುವ ಊರಾದರೂ ಇದೆ. 2011ರ ಜನಗಣತಿಯಲ್ಲಿ ಕರ್ನಾಟಕದ ಕೊರಗರು 15 ಸಾವಿರವೂ ಇಲ್ಲ, 2001ಕ್ಕಿಂತ ಕಡಿಮೆ. ಅಷ್ಟು ಜನ ಬೈಂದೂರಿನಿಂದ ಹಿಡಿದು ಸುಳ್ಯದ ತನಕ, ಆಮೇಲೆ ಗಡಿಯಾಚೆ ಕಾಸರಗೋಡಿನಲ್ಲೂ ಚದುರಿಹೋಗಿದ್ದೇವೆ. ಒಂದು ಗ್ರಾಮದಲ್ಲಿ ಐದು ಮನೆ, ಇನ್ನೊಂದರಲ್ಲಿ ಎಂಟು. ಯಾವ ಗ್ರಾಮಸಭೆಯಲ್ಲೂ ನಾವು ಬಹುಮತ ಅಲ್ಲ, ಆಗುವುದೂ ಇಲ್ಲ. ನಿಸ್ಗಾ ಅವರ ಹಾಗೆ ತೋರಿಸಲಿಕ್ಕೆ ಒಂದು ಕಣಿವೆ ಇಲ್ಲ. ಬಿದಿರು, ಕಾಡುಬಳ್ಳಿ ತಂದು ಬುಟ್ಟಿ ಹೆಣೆಯುತ್ತಿದ್ದ ಗುಡ್ಡ ಈಗ ರಬ್ಬರ್ ತೋಟ ಅಥವಾ ಅಕೇಶಿಯಾ.

ಹಾಗಾಗಿ ಕೆನಡಾದ ಮಾದರಿ ನಮಗೆ ಹೊಂದುವುದಿಲ್ಲ. ಹೊಂದಬಹುದಾದದ್ದು ನಾರ್ವೆಯ ಸಾಮಿ ಜನರದ್ದು. ಅವರೂ ಚದುರಿದ ಜನ, ಕೆಲವರು ಹಿಮಸಾರಂಗ ಸಾಕುತ್ತಾರೆ, ತುಂಬ ಜನ ಪಟ್ಟಣದಲ್ಲಿ ಕೆಲಸದಲ್ಲಿದ್ದಾರೆ. 1989ರಿಂದ ಅವರಿಗೆ ಸಾಮಿ ಸಂಸತ್ತು ಉಂಟು. 39 ಸದಸ್ಯರು. ದೇಶದಲ್ಲಿ ಎಲ್ಲೇ ಇದ್ದರೂ ಸಾಮಿ ಮತದಾರರ ಪಟ್ಟಿಯಲ್ಲಿ ಹೆಸರು ಬರೆಸಿದವರು ಮತ ಹಾಕಬಹುದು. ತಮಗೆ ಸಂಬಂಧಪಟ್ಟ ವಿಷಯದಲ್ಲಿ ಸರಕಾರ ಮೊದಲು ಅವರ ಹತ್ತಿರ ಮಾತಾಡಬೇಕು.

ನಮ್ಮಲ್ಲಿ ಅದರ ಬೀಜ ಈಗಾಗಲೇ ಉಂಟು. ಕರ್ನಾಟಕ, ಕೇರಳ ಎರಡೂ ಕಡೆಯ ಕೊರಗ ಸಂಘಗಳ ಒಕ್ಕೂಟ ಎಷ್ಟೋ ವರ್ಷದಿಂದ ಕೆಲಸ ಮಾಡುತ್ತಿದೆ. ಪ್ರತಿ ವರ್ಷ ಆಗಸ್ಟ್ 18ಕ್ಕೆ ಭೂಮಿ ಹಬ್ಬ ಮಾಡುತ್ತೇವೆ, ತೊಂಬತ್ತರ ದಶಕದ ಭೂಮಿ ಹೋರಾಟದ ನೆನಪಿಗೆ. ನಮ್ಮವರ ಸ್ಥಿತಿ ನೋಡಿ ಬರೆದ ಡಾ. ಮಹಮ್ಮದ್ ಪೀರ್ ವರದಿ ಪ್ರತಿ ಕೊರಗ ಕುಟುಂಬಕ್ಕೆ ಎರಡೂವರೆ ಎಕರೆ ಕೊಡಿ ಎಂದದ್ದು ಆ ಹೋರಾಟದ ಕಾಲದಲ್ಲೇ. ಆ ಎರಡೂವರೆ ಎಕರೆಗಾಗಿ ಈಗಲೂ ಮನವಿ ಬರೆಯುತ್ತಿದ್ದೇವೆ. ಪೌಷ್ಟಿಕ ಆಹಾರದ ಕಿಟ್ ಬರುತ್ತದೆ, ಮೊಟ್ಟೆ, ಬೇಳೆ, ಎಣ್ಣೆ. ಬೇಡ ಅನ್ನುವುದಿಲ್ಲ. ಕಿಟ್‌ನಲ್ಲಿ ಏನಿರಬೇಕು ಎಂದು ಸಹ ನಮ್ಮನ್ನು ಕೇಳುವುದಿಲ್ಲ ಎಂಬುದಷ್ಟೇ ನನ್ನ ತಕರಾರು.

ನಮಗೆ ಬೇರೆ ರಾಜ್ಯ ಬೇಡ, ಬೇರೆ ಜಿಲ್ಲೆ ಬೇಡ. ನಮ್ಮ ಹೆಸರಿನಲ್ಲಿ ಬರುವ ಹಣ ಯಾವುದಕ್ಕೆ ಖರ್ಚಾಗಬೇಕು ಎಂದು ತೀರ್ಮಾನಿಸುವ ಮೇಜಿನಲ್ಲಿ, ನಾವೇ ಆರಿಸಿ ಕಳಿಸಿದವರು ಕೂತಿರಬೇಕು. ಸಲಹೆ ಕೊಡಲಿಕ್ಕಲ್ಲ, ಸಹಿ ಹಾಕಲಿಕ್ಕೆ.

ಕುಂದಾಪ್ರದ ಹೆಣ್ಣು

ಇದು ಮಾತು.

ನಿವೃತ್ತ ಮೇಷ್ಟ್ರು

ಡೋಲು ಅವರೇ, ಒಪ್ಪಿದೆ, ಆದರೆ ಸಾಮಿ ಸಂಸತ್ತಿಗೂ ಮಿತಿ ಇದೆ. ಫೋಸನ್ ಎಂಬಲ್ಲಿ ಹಿಮಸಾರಂಗ ಮೇಯುವ ಜಾಗದಲ್ಲಿ ಗಾಳಿಯಂತ್ರ ಹಾಕಿದರು. 2021ರಲ್ಲಿ ನಾರ್ವೆಯ ಸುಪ್ರೀಂ ಕೋರ್ಟೇ ಇದು ಸಾಮಿ ಜನರ ಹಕ್ಕಿಗೆ ವಿರುದ್ಧ ಎಂದಿತು. ಗಾಳಿಯಂತ್ರ ಮಾತ್ರ ತಿರುಗುತ್ತಲೇ ಇತ್ತು. 2023ರಲ್ಲಿ ಯುವಕರು ಮಂತ್ರಾಲಯದ ಬಾಗಿಲಲ್ಲಿ ಕೂತು ಧರಣಿ ಮಾಡಬೇಕಾಯಿತು. ಆಸ್ಟ್ರೇಲಿಯಾ ನೋಡಿ, ಮೂಲ ಜನರಿಗೆ ಸಂಸತ್ತಿಗೆ ಸಲಹೆ ಕೊಡುವ ಒಂದು ಸಮಿತಿ ಬೇಕೇ ಎಂದು 2023ರ ಅಕ್ಟೋಬರ್‌ನಲ್ಲಿ ಜನಮತ ಕೇಳಿದರು. ಬರೀ ಸಲಹೆ ಕೊಡಲಿಕ್ಕೆ! 100ಕ್ಕೆ 60 ಮಂದಿ ಬೇಡ ಎಂದರು.

ನಿಸ್ಗಾ ಒಪ್ಪಂದವೂ ಪುಕ್ಕಟೆ ಅಲ್ಲ. ತಮ್ಮದೆಂದು ಹೇಳಿದ ನೆಲದಲ್ಲಿ ಹತ್ತರಲ್ಲಿ ಒಂದು ಪಾಲೂ ಅವರಿಗೆ ಬರಲಿಲ್ಲ. ಮೊದಲು ಇದ್ದ ತೆರಿಗೆ ವಿನಾಯಿತಿಯನ್ನೂ ಬಿಟ್ಟುಕೊಟ್ಟರು. ಇಷ್ಟಕ್ಕೆ ಒಪ್ಪಬೇಕಿತ್ತಾ ಎಂಬ ಜಗಳ ಅವರೊಳಗೇ ಇದೆ.

ಡೋಲು

ಮೇಷ್ಟ್ರೇ, ಹತ್ತರಲ್ಲಿ ಒಂದು ಪಾಲು ಸಾಲದು ಎಂದು ಜಗಳ ಮಾಡುವ ಭಾಗ್ಯ ನಮಗೂ ಬರಲಿ.

ಬಾವುಟಗುಡ್ಡೆ

ಡೋಲು ತಂಗಿ, 1837ರಲ್ಲಿ ನಿಮಗೆ ಭೂಮಿ ಇರಲಿಲ್ಲ ಎಂಬ ಮಾತು ಸರಿ. ಆದರೆ ಜಾತಿ ಜಾತಿಗೆ ಒಂದು ಸಂಸತ್ತು ಮಾಡಿದರೆ ಕೊನೆಗೆ ಊರಿನಲ್ಲಿ ಒಟ್ಟಿಗೆ ಕೂರುವವರು ಯಾರು? ತುಳುವಿಗೆ ಎಂಟನೇ ಪರಿಚ್ಛೇದ ಕೇಳಿ ಕೇಳಿ ಸುಸ್ತಾಗಿದ್ದೇವೆ. ಎಲ್ಲರೂ ಸೇರಿ ಕೇಳಿದರೇ ಸಿಗುತ್ತಿಲ್ಲ. ಬೇರೆ ಬೇರೆ ಕೇಳಿದರೆ ಸಿಗುತ್ತದಾ?

ಡೋಲು

ತುಳುವಿಗೆ ಸಿಗಲಿ ಅಣ್ಣ, ನಾನೂ ಸಹಿ ಹಾಕಿದ್ದೇನೆ. ಕೊರಗ ಭಾಷೆ ಅಂತ ನಮ್ಮದೇ ಒಂದು ಉಂಟು, ಅದನ್ನು ಆಡುವ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ಅದರ ಮನವಿಗೆ ನೀವೂ ಸಹಿ ಹಾಕಿ, ಒಟ್ಟಿಗೆ ಕೂತ ಹಾಗಾಯಿತು.

ಬಾವುಟಗುಡ್ಡೆ

ಕಳಿಸಿ, ಹಾಕುತ್ತೇನೆ. ಆದರೆ ಸಂಸತ್ತಿನ ವಿಷಯದಲ್ಲಿ ನನ್ನ ಮಾತು ಹಾಗೇ ಇರಲಿ.

ಕೋರ್ಟ್ ರಸ್ತೆ

ಡೋಲು ಅವರ ಪ್ರಸ್ತಾವಕ್ಕೆ ಈಗಿನ ಕಾನೂನಿನಲ್ಲೇ ಒಂದು ಎಳೆ ಸಿಗುತ್ತದೆ. ಕೊರಗರು ಮತ್ತು ಜೇನುಕುರುಬರು ಕರ್ನಾಟಕದ ಎರಡು ವಿಶೇಷ ದುರ್ಬಲ ಬುಡಕಟ್ಟುಗಳು. ಅರಣ್ಯ ಹಕ್ಕು ಕಾಯ್ದೆಯಲ್ಲಿ ಇಂಥ ಬುಡಕಟ್ಟುಗಳಿಗೆ ಆವಾಸಸ್ಥಾನದ ಹಕ್ಕು ಅಂತ ಪ್ರತ್ಯೇಕವಾಗಿ ಹೇಳಿದೆ. ಇದು ಒಂದು ಮನೆ, ಒಂದು ಗದ್ದೆಯ ಲೆಕ್ಕ ಅಲ್ಲ. ಬಿದಿರು ತರುವ ಗುಡ್ಡ, ನಡೆಯುವ ದಾರಿ, ಪೂಜೆ ಮಾಡುವ ಜಾಗ, ಎಲ್ಲ ಸೇರಿ ಒಂದು ಸೀಮೆ. ಮಧ್ಯಪ್ರದೇಶದ ದಿಂಡೋರಿ ಜಿಲ್ಲೆಯ ಬೈಗಾ ಜನರಿಗೆ, ಆಮೇಲೆ ಛತ್ತೀಸಗಢದ ಕಮಾರರಿಗೆ ಇದು ಸಿಕ್ಕಿದೆ. ಚದುರಿದ ಜನರಿಗೆ ಇದನ್ನು ಹೇಗೆ ಬರೆಯುವುದು ಎಂಬುದು ಸುಲಭದ ಪ್ರಶ್ನೆ ಅಲ್ಲ, ಆದರೆ ಅದಕ್ಕಾಗಿ ಹೊಸ ಕಾನೂನು ಬರುವ ತನಕ ಕಾಯಬೇಕಾಗಿಲ್ಲ.

ಚಾರ್ಮಾಡಿ ಮಳೆ ಅವರೇ, ನಿಮ್ಮದು ಇನ್ನೂ ಸಲೀಸು. ಪಂಚಾಯತ್ ಹಾಲ್‌ನಲ್ಲಿ ಮಾಡಿದ್ದು ಆ ಕಾಯ್ದೆ ಹೇಳುವ ಗ್ರಾಮಸಭೆ ಅಲ್ಲ. ಕೇಂದ್ರದ ಬುಡಕಟ್ಟು ಮಂತ್ರಾಲಯ 2012ರಲ್ಲೇ ಹೇಳಿದೆ, ಸಭೆ ಪಂಚಾಯತ್ ಮಟ್ಟದಲ್ಲಿ ಬೇಡ, ಊರಿನ ಮಟ್ಟದಲ್ಲಿ, ಜನ ವಾಸ ಇರುವ ಜಾಗದಲ್ಲೇ ಆಗಬೇಕು ಅಂತ. ಅರ್ಧದಷ್ಟು ಜನ ಹಾಜರಿರಬೇಕು, ಅದರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಆ ಸಭೆಯೇ ಅರಣ್ಯ ಹಕ್ಕು ಸಮಿತಿ ಆರಿಸುತ್ತದೆ, 10ರಿಂದ 15 ಜನ. ನಿಮ್ಮ ಹಕ್ಕು ಪೂರ್ತಿ ಪರಿಶೀಲನೆ ಆಗುವ ತನಕ ನಿಮ್ಮನ್ನು ಎಬ್ಬಿಸುವ ಹಾಗಿಲ್ಲ. ರಾಷ್ಟ್ರೀಯ ಉದ್ಯಾನದ ಒಳಗೂ ಇದೇ ನಿಯಮ.

ತುಂಬ ಊರುಗಳಲ್ಲಿ ಮನೆ ಮನೆಯ ಗದ್ದೆಗೆ ನಮೂನೆ ಎ ಮಾತ್ರ ತುಂಬಿದ್ದಾರೆ. ಜೇನು, ಸೌದೆ, ಮೇವಿನಂಥ ಸಮುದಾಯದ ಹಕ್ಕಿಗೆ ನಮೂನೆ ಬಿ. ಕಾಡನ್ನೇ ನೋಡಿಕೊಳ್ಳುವ, ಕಾಯುವ ಅಧಿಕಾರ ಕೇಳಲಿಕ್ಕೆ ನಮೂನೆ ಸಿ. ಸ್ವಯಮಾಡಳಿತ ಎಂದು ಪಡುಕರೆ ಅವರು ಕೇಳಿದ್ದು ಈ ಮೂರನೆಯದರಲ್ಲಿ ಉಂಟು. ಅದನ್ನು ಹಾಕಿದವರೇ ಕಡಿಮೆ.

ಚಾರ್ಮಾಡಿ ಮಳೆ

ಸಾಕ್ಷಿಗೆ ಎಂತ ಕೊಡುವುದು? ಆರ್‌ಟಿಸಿ ಇಲ್ಲ. ಹಳೇ ಕಾಗದ ಇದ್ದದ್ದು ಮಳೆಗೆ, ಗೆದ್ದಲಿಗೆ ಹೋಯಿತು. ಸ್ಯಾಟಲೈಟ್ ಚಿತ್ರದಲ್ಲಿ ಗದ್ದೆ ಕಾಣುವುದಿಲ್ಲ ಎಂದು ನಮ್ಮ ಕಡೆಯ ಕೆಲವು ಅರ್ಜಿ ತಿರಸ್ಕಾರ ಆಗಿದೆ.

ಕೋರ್ಟ್ ರಸ್ತೆ

ಸ್ಯಾಟಲೈಟ್ ಚಿತ್ರ ಒಂದನ್ನೇ ಹಿಡಿದು ತಿರಸ್ಕಾರ ಮಾಡುವ ಹಾಗಿಲ್ಲ, ಅದು ಬೇರೆ ಸಾಕ್ಷಿಗಳ ಜೊತೆ ಸೇರಿಸಿ ನೋಡುವಂಥದ್ದು. ನಿಯಮದಲ್ಲಿ ಹಿರಿಯರ ಹೇಳಿಕೆ ಬರೆದುಕೊಂಡರೆ ಅದೂ ಸಾಕ್ಷಿ. ಹಳೇ ಬಾವಿ, ಸಮಾಧಿ ಜಾಗ, ದೈವದ ಸ್ಥಾನ, ಇವೆಲ್ಲ ಸಾಕ್ಷಿಯೇ. ಅರ್ಜಿ ತಿರಸ್ಕಾರ ಮಾಡಿದರೆ ಕಾರಣ ಬರೆದು ಕೊಡಬೇಕು, 60 ದಿನದೊಳಗೆ ನೀವು ಮೇಲಿನ ಸಮಿತಿಗೆ ಹೋಗಬಹುದು. ಆ ತಿರಸ್ಕಾರದ ಕಾಗದ ಇದ್ದರೆ ತೆಗೆದಿಡಿ. ಕಾಗದವನ್ನೇ ಕೊಟ್ಟಿಲ್ಲ ಎಂದರೆ ಇನ್ನೂ ಒಳ್ಳೆಯದು, ಗಡುವು ಶುರುವೇ ಆಗಿಲ್ಲ ಎಂದು ವಾದಿಸಬಹುದು.

ಅಡಕೆ ತೋಟ

ನಮ್ಮ ಊರಿನ ಮೇಲಿನ ಗುಡ್ಡದಲ್ಲಿ ಮಲೆಕುಡಿಯರ ಏಳೆಂಟು ಮನೆ ಉಂಟು. ಸೌದೆಗೆ ನಾವೂ ಅದೇ ಕಾಡಿಗೆ ಹೋಗುವುದು. ಈ ನಮೂನೆ ಸಿ ಹಾಕಿದರೆ ನಮಗೆ ಆ ಕಾಡಿಗೆ ಹೋಗಲಿಕ್ಕೆ ಬಿಡುತ್ತಾರಾ? ಇದಕ್ಕೆ ಮೊದಲು ಉತ್ತರ ಬೇಕು. ಊರಿನಲ್ಲಿ ನಾಳೆ ಜಗಳ ಆಗುವುದು ಇಂಥದ್ದಕ್ಕೇ.

ಕೋರ್ಟ್ ರಸ್ತೆ

ಅದನ್ನು ಆ ಗ್ರಾಮಸಭೆಯೇ ತೀರ್ಮಾನಿಸುತ್ತದೆ. ಪಕ್ಕದ ಊರಿನವರು ಮೊದಲಿನಿಂದ ಬಳಸುತ್ತಿದ್ದರೆ ಇಬ್ಬರೂ ಸೇರಿ ಗಡಿ, ಬಳಕೆ ಬರೆದುಕೊಳ್ಳಬಹುದು, ನಿಯಮದಲ್ಲಿ ಅದಕ್ಕೆ ಜಾಗ ಇದೆ. ಒಂದು ವ್ಯತ್ಯಾಸ ಮಾತ್ರ. ಇಷ್ಟು ದಿನ ನೀವು ಫಾರೆಸ್ಟ್ ಗಾರ್ಡ್ ಹತ್ತಿರ ಕೇಳುತ್ತಿದ್ದಿರಿ. ಇನ್ನು ಮುಂದೆ ಮೇಲಿನ ಮನೆಯವರ ಹತ್ತಿರ ಕೇಳಬೇಕು.

ಅಡಕೆ ತೋಟ

ಗಾರ್ಡ್ ಹತ್ತಿರ ಕೇಳುವುದಕ್ಕಿಂತ ಅದು ವಾಸಿ. ನಮ್ಮ ತೋಟಕ್ಕೆ ಕೆಲಸಕ್ಕೆ ಬರುವವರು ಅವರೇ, ಕೇಳಲಿಕ್ಕೆ ಸ್ವಲ್ಪ ನಾಚಿಕೆ ಆದೀತು ಅಷ್ಟೇ.

ಚಾರ್ಮಾಡಿ ಮಳೆ

ನಾಚಿಕೆ ಬೇಡ ಅಣ್ಣ, ಸೌದೆ ಕೊಡುತ್ತೇವೆ. ಕೂಲಿ ಜಾಸ್ತಿ ಮಾಡಿ.

ವಕೀಲರೇ, ನಮೂನೆ ಸಿ ಕನ್ನಡದಲ್ಲಿ ಇದ್ದರೆ ಕಳಿಸಿಕೊಡಿ. ಸಮಿತಿಯಲ್ಲಿ ಮೂರನೇ ಎರಡು ಭಾಗ ಪರಿಶಿಷ್ಟ ಪಂಗಡದವರೇ ಇರಬೇಕು ಅಂತ ಎಲ್ಲೋ ಓದಿದ್ದೆ, ಅದು ಹೌದಾ ಅಂತಲೂ ತಿಳಿಸಿ. ನಮ್ಮ ಮುಖಂಡರಾದ ಗುರಿಕಾರರ ಹತ್ತಿರ ಮಾತಾಡಿ, ನಮ್ಮ ಕಡೆ ದೈವದ ಕಟ್ಟೆ ಹತ್ತಿರವೇ ಸಭೆ ಕರೆಯುವ ಅಂತಿದ್ದೇನೆ. ಗದ್ದೆ ಕೊಯ್ಲು ಮುಗಿದ ಮೇಲೆ ಆದರೆ ಹೆಂಗಸರೂ ಬರುತ್ತಾರೆ.

ಕೋರ್ಟ್ ರಸ್ತೆ

ಹೌದು, ಮೂರನೇ ಎರಡು ಭಾಗ. ನಮೂನೆ ಕಳಿಸುತ್ತೇನೆ. ಸಭೆಯ ನಡಾವಳಿ ಬರೆದ ಪುಸ್ತಕದಲ್ಲಿ ಹಾಜರಿದ್ದ ಪ್ರತಿಯೊಬ್ಬರ ಸಹಿ ಅಥವಾ ಹೆಬ್ಬೆಟ್ಟು ಅವತ್ತೇ ಹಾಕಿಸಿ. ಮರುದಿನಕ್ಕೆ ಇಡಬೇಡಿ. ಅರ್ಜಿ ಕೊಟ್ಟ ಕಡೆ ಸ್ವೀಕೃತಿ ತೆಗೆದುಕೊಳ್ಳದೆ ಹೊರಡಬೇಡಿ.

ಡೋಲು

ದಿನ ಗೊತ್ತಾದರೆ ನನಗೂ ಹೇಳಿ ಅಣ್ಣ. ನಮ್ಮ ಒಕ್ಕೂಟದಿಂದ ಇಬ್ಬರು ಬಂದು ನೋಡಿಕೊಂಡು ಹೋಗುತ್ತೇವೆ. ಆವಾಸಸ್ಥಾನದ ಅರ್ಜಿ ಬರೆಯುವ ಮೊದಲು ಒಂದು ಸಭೆ ಹೇಗೆ ನಡೆಯುತ್ತದೆ ಎಂದು ಕಣ್ಣಾರೆ ನೋಡಬೇಕು.

ಚಾರ್ಮಾಡಿ ಮಳೆ

ಬನ್ನಿ. ಜೀಪು ಅರ್ಧ ದಾರಿ ತನಕ ಬರುತ್ತದೆ, ಆಮೇಲೆ ನಡೆಯಬೇಕು. ನಮ್ಮಲ್ಲಿ ನೆಟ್‌ವರ್ಕ್ ಇಲ್ಲ, ಪೇಟೆಗೆ ಇಳಿದಾಗ ಮಾತ್ರ ಇಲ್ಲಿ ಬರೆಯುವುದು. ಉತ್ತರ ತಡವಾದರೆ ಬೈಯಬೇಡಿ.